ಗಣಪತಿಯಿಂದ ಹಸೆಯವರೆಗಿನ ದಾರಿ

ಭಾವ ಫೋನ್ ಮಾಡಿದಾಗ ನಾನು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಸಿಕ್ಕಿಕೊಂಡಿದ್ದೆ. ನವಿ ಮುಂಬಯಿಯ ಆಫೀಸಿನಿಂದ ಬಂದು, ಒಂದು ಗಾಡಿಯಿಂದ ಇಳಿದು, ಡೊಂಬಿವಲಿಯ ಗಾಡಿಗೆ ಓಡುತ್ತಿರುವವಳ ಹತ್ತಿರ ಯಾರೂ ಮಾತಾಡಲು ಹೋಗಬಾರದು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಎತ್ತಿಕೊಂಡೆ.

"ನೀನು ಅಪ್ಪನಿಗೆ ಕೊಟ್ಟಿದ್ದ ಹಳೇ ಹಾರ್ಡ್ ಡಿಸ್ಕ್ ಉಂಟಲ್ಲ, ಮಗಳ ಪ್ರೀ ವೆಡ್ಡಿಂಗ್ ವಿಡಿಯೋ ಹಾಕ್ಲಿಕ್ಕೆ ಅದನ್ನು ಖಾಲಿ ಮಾಡ್ತಾ ಇದ್ದೇನೆ" ಎಂದರು ಭಾವ. "ಎಲ್ಲ ಹೋಯ್ತು. ಒಂದು ಫೋಲ್ಡರ್ ಮಾತ್ರ ಹೋಗುದಿಲ್ಲ. ಪೂರ್ತಿ ಓಪನೂ ಆಗುದಿಲ್ಲ, ಡಿಲೀಟೂ ಆಗುದಿಲ್ಲ. ವೈರಸ್ಸಾ ಎಂತದು?"

"ಯಾವ ಫೋಲ್ಡರ್?"

"ಶ್ರೀ ಮಹಾಗಣಪತಿ ಪ್ರಸನ್ನ ಅಂತ ಉಂಟು."

ನಾನು ಸೇತುವೆಯ ಮೇಲೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಹೆಂಗಸೊಬ್ಬಳು ಮರಾಠಿಯಲ್ಲಿ ಬೈಯುತ್ತಾ ನನ್ನನ್ನು ದಾಟಿ ಹೋದಳು.

"ಭಾವ, ಇನ್ನು ಅದನ್ನು ಮುಟ್ಟಬೇಡಿ. ವಯರ್ ತೆಗೆದು ಡಿಸ್ಕನ್ನು ಕಪಾಟಿನಲ್ಲಿಡಿ. ನಾನು ಬರ್ತಾ ಇದ್ದೇನೆ."

"ಅಷ್ಟು ಎಂತ ಉಂಟು ಅದರಲ್ಲಿ?"

"ಅತ್ತೆ ಇದ್ದಾರೆ" ಎಂದು ಫೋನ್ ಇಟ್ಟೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರ, ಸಸ್ಯಾಹಾರಿ ಹೋಟೆಲು ನಡೆಸಿದವರು. ಈಗ ಗಲ್ಲಾದಲ್ಲಿ ಕೂರುವುದು ಅವರ ಮಗ, ಅಂದರೆ ಈ ಭಾವ. ಮನೆ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿ. ಮಾವ, ಅತ್ತೆ, ಭಾವ, ಭಾವನ ಮಗಳು ಎಲ್ಲರೂ ಅಲ್ಲಿಯೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಮನೆಯಲ್ಲಿಯೇ ಇದ್ದೆ. ಬೆಳಿಗ್ಗೆ ಗಾಡಿಗೆ ಹೊರಟವಳ ಚೀಲಕ್ಕೆ ಅತ್ತೆ ಹೇಳದೆ ಕೇಳದೆ ಒಂದು ಡಬ್ಬಿ ತುರುಕುತ್ತಿದ್ದರು. ನನ್ನ ಅಮ್ಮನಿಗಿಂತ ನನಗೆ ಅತ್ತೆಯ ಮೇಲೆಯೇ ಹೆಚ್ಚು ಪ್ರೀತಿ ಎಂದು ಅಮ್ಮನ ಎದುರಿಗೇ ಹೇಳಿದ್ದೇನೆ. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದರು.

ಅತ್ತೆ ಹಾಡುವವರು. ವೇದಿಕೆ, ಮೈಕು, ಹಾರ್ಮೋನಿಯಂ ಅಂಥದ್ದೇನೂ ಅಲ್ಲ. ಶಹಾಡ್, ವಿಠ್ಠಲವಾಡಿಯಿಂದ ಹಿಡಿದು ಠಾಣೆಯವರೆಗೆ ನಮ್ಮವರ ಮನೆಯಲ್ಲಿ ಯಾವ ಮದುವೆಯಿದ್ದರೂ ಅತ್ತೆಗೆ ಕರೆ ಬರುತ್ತಿತ್ತು. ಮದುಮಕ್ಕಳನ್ನು ರಂಗೋಲಿ ಹಾಕಿದ ಹಸೆಯ ಮೇಲೆ ಕೂರಿಸಿ ಆರತಿ ಮಾಡುವಾಗ ಹೆಂಗಸರು ಹಾಡಬೇಕಲ್ಲ, ಅದಕ್ಕೆ. ಹಸೆಗೆ ಕರೆಯುವ ಹಾಡೊಂದನ್ನು ಅತ್ತೆ ತಾವೇ ಕಟ್ಟಿದ್ದರು. ಪ್ರತಿ ನುಡಿಯ ಕೊನೆಗೂ ಹುಡುಗಿಯ ಹೆಸರು ಬರುತ್ತದೆ. ಯಾವ ಹುಡುಗಿಯೋ ಅವಳ ಹೆಸರು. ಹೆಸರು ಹಿಡಿದು ಕರೆಯುವವರೆಗೆ ಹುಡುಗಿ ಕೋಣೆಯಿಂದ ಹೊರಗೆ ಕಾಲಿಡಬಾರದು ಎಂಬುದು ಅತ್ತೆಯ ಕಟ್ಟಳೆ. ಅವಸರದ ಪುರೋಹಿತರು ಎಷ್ಟು ಗಂಟಲು ಸರಿಮಾಡಿಕೊಂಡರೂ ಅತ್ತೆ ತಮ್ಮ ಎಳೆತವನ್ನು ಬಿಡುತ್ತಿರಲಿಲ್ಲ.

ಹೋದ ವರ್ಷ ಅವರ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಧ್ವನಿ ಹೋಯಿತು. ಈಗ ಬರುವುದು ಬರಿಯ ಉಸಿರು. ಹತ್ತಿರ ಕುಳಿತರೆ ಮಾತು ತಿಳಿಯುತ್ತದೆ, ಅಷ್ಟೆ. ಮೊಮ್ಮಗಳ ಮದುವೆ ಗೊತ್ತಾದಾಗ ಹುಡುಗ ಕಲ್ಯಾಣದ ಮರಾಠಿ ಮನೆಯವನು ಎಂಬುದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹಾಡಿನ ಮಾತು ಬಂದಾಗ ಮಾತ್ರ ಅತ್ತೆ "ಯಾರೂ ಹಾಡುದು ಬೇಡ, ಡೀಜೆ ಹಾಕಿ" ಎಂದು ಉಸಿರಿನಲ್ಲೇ ಹೇಳಿ ಅಡುಗೆಮನೆಗೆ ಹೋದರು. ಅಲ್ಲಿ ಅವರಿಗೆ ಆ ಹೊತ್ತಿನಲ್ಲಿ ಯಾವ ಕೆಲಸವೂ ಇರಲಿಲ್ಲ.

ಆ ಡಿಸ್ಕಿನಲ್ಲಿ ಅತ್ತೆಯ ಹಾಡು ಇತ್ತು. ನನಗೆ ಗೊತ್ತಿದ್ದಂತೆ ಬೇರೆಲ್ಲೂ ಇರಲಿಲ್ಲ.

ಅದು ಅಲ್ಲಿಗೆ ಹೋದ ಕತೆ ಹೇಳಬೇಕಾದರೆ ನನ್ನ ಮೊದಲ ಕೆಲಸದ ವಿಷಯ ಹೇಳಬೇಕು. ಮಹಾಪೆಯಲ್ಲಿ ಒಂದು ಸಣ್ಣ ಕಂಪನಿ, ಈಗ ಇಲ್ಲ. ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆಂದು ಬರೆದ ಪ್ರೋಗ್ರಾಮುಗಳನ್ನು ವಿಂಡೋಸಿನ ಮೇಲೆ ಓಡಿಸಿಕೊಡುವುದು ನಮ್ಮ ಕೆಲಸ. ಎರಡರ ನಡುವೆ ಒಂದು ಪದರ ಇರುತ್ತದೆ. ಅದು ಏನು ಮಾಡುತ್ತದೆ ಎಂದು ಮಾವ ಕೇಳಿದಾಗ ಅವರ ಹೋಟೆಲನ್ನೇ ತೋರಿಸಿದ್ದೆ. ಗಿರಾಕಿ ಮರಾಠಿಯಲ್ಲಿ ಕೇಳುತ್ತಾನೆ, ಮಾವ ಗಲ್ಲಾದಿಂದ ಒಳಗೆ ತುಳುವಿನಲ್ಲಿ ಕೂಗುತ್ತಾರೆ, ದೋಸೆ ಹೊರಗೆ ಬರುತ್ತದೆ. ಗಿರಾಕಿಗೆ ತುಳು ಬೇಡ, ಒಳಗಿನ ಭಟ್ಟರಿಗೆ ಮರಾಠಿ ಬೇಡ. "ಹಾಗಾದ್ರೆ ನಿನ್ನ ಕೆಲಸ ಗಲ್ಲಾದ್ದು" ಎಂದರು ಮಾವ. ನನ್ನ ಕೆಲಸವನ್ನು ಅದಕ್ಕಿಂತ ಸರಿಯಾಗಿ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಫೈಲುಗಳ ವಿಳಾಸ. ಯುನಿಕ್ಸಿನಲ್ಲಿ ವಿಳಾಸವೆಲ್ಲ ಒಂದೇ ಬೇರಿನಿಂದ ಹೊರಡುತ್ತದೆ. ವಿಂಡೋಸಿನಲ್ಲಿ ಸಿ, ಡಿ ಎಂದು ಬೇರೆ ಬೇರೆ ಡ್ರೈವುಗಳು. ಹೆಸರಿಡುವುದರಲ್ಲಿಯೂ ಮಡಿವಂತಿಕೆ ಬೇರೆ ಬೇರೆ. ಒಂದು ಕಡೆ ನಡೆಯುವ ಹೆಸರು ಇನ್ನೊಂದು ಕಡೆ ನಡೆಯುವುದಿಲ್ಲ. ಕೊನೆಗೆ ಚುಕ್ಕಿ ಇಟ್ಟರೆ ವಿಂಡೋಸ್ ಅದನ್ನು ನುಂಗಿಬಿಡುತ್ತದೆ. ಕೆಲವು ಹಳೆಯ ಹೆಸರುಗಳನ್ನು ಫೈಲಿಗೆ ಇಡಲೇ ಬಿಡುವುದಿಲ್ಲ. ಇಡೀ ವಿಳಾಸ ಇನ್ನೂರ ಅರವತ್ತು ಅಕ್ಷರಕ್ಕೆ ಮುಟ್ಟಿತೋ, ಅದರ ಮಾಮೂಲಿ ಪ್ರೋಗ್ರಾಮುಗಳು ಕೈ ಎತ್ತುತ್ತವೆ. ಫೈಲು ಡಿಸ್ಕಿನಲ್ಲಿ ಇರುತ್ತದೆ, ಆದರೆ ಅದನ್ನು ತಲುಪಲು ಅವಕ್ಕೆ ಆಗುವುದಿಲ್ಲ. ನಮ್ಮ ಪದರ ಮಾತ್ರ ಮುಂಬಾಗಿಲು ಬಿಟ್ಟು ಹಿಂಬಾಗಿಲಿನಿಂದ ಹೋಗಿ, ಎಷ್ಟುದ್ದದ ವಿಳಾಸವಾದರೂ ಮುಟ್ಟಬೇಕು. ನಾನು ದಿನವಿಡೀ ಸೊಟ್ಟ ಹೆಸರುಗಳನ್ನು ಹುಟ್ಟಿಸಿ ಅದು ಮುಟ್ಟುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ನಮ್ಮ ಮ್ಯಾನೇಜರಿಗೆ ಅದೆಲ್ಲ ದಂಡದ ಕೆಲಸ. "ಇತ್ನಾ ಲಂಬಾ ನಾಮ್ ರಖ್ತಾ ಕೌನ್ ಹೈ?" ಎಂದು ಮೀಟಿಂಗಿನಲ್ಲಿ ಎಲ್ಲರೆದುರು ನಕ್ಕಿದ್ದ. ಇಷ್ಟುದ್ದದ ಹೆಸರಿಡುವವರು ಯಾರು ಎಂಬುದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ಉತ್ತರ ಮನೆಯಲ್ಲಿಯೇ ತಯಾರಾಗುತ್ತಿತ್ತು. ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುವಾಗ ನಾನೊಂದು ತಂದು, ಅದಕ್ಕೆ ಲಿನಕ್ಸ್ ಹಾಕಿ, ಕನ್ನಡ ಅಕ್ಷರ ಕೂರಿಸಿ ಮಾವನಿಗೆ ಕೊಟ್ಟಿದ್ದೆ. ಲಿನಕ್ಸೂ ಯುನಿಕ್ಸಿನ ಬಳಗದ್ದೇ. ಉದ್ದ ಹೆಸರಿಗೆ ಅದರ ತಕರಾರಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಟೆಲಿನ ಶಟರ್ ಅರ್ಧ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಮಾವ ಬನಿಯನ್ನಿನಲ್ಲಿ ಕುಳಿತು ಎರಡು ಬೆರಳಿನಲ್ಲಿ ಕನ್ನಡ ಕುಟ್ಟುತ್ತಿದ್ದರು. ಹಿಂದಿನಿಂದ ಚಟ್ನಿಯ ಒಗ್ಗರಣೆಯ ವಾಸನೆ, ಎದುರಿಗೆ ರೈಲಿನ ಅನೌನ್ಸ್‌ಮೆಂಟು. ಅಂಥ ಮಧ್ಯಾಹ್ನಗಳು ನನಗೆ ಇವತ್ತಿಗೂ ಬೇಕೆನಿಸುತ್ತವೆ. ಆಗ ಅತ್ತೆ ಪಾತ್ರೆ ಎತ್ತಿಡುತ್ತಾ ಗುನುಗುತ್ತಿದ್ದುದನ್ನು ನಾನು ಕೇಳಿಯೂ ಕೇಳದವಳಂತೆ ಇರುತ್ತಿದ್ದೆ. ಅದು ಯಾವಾಗಲೂ ಇರುತ್ತದೆ ಎಂದುಕೊಂಡಿದ್ದೆ.

ತಮ್ಮ ಮಗಳ, ಅಂದರೆ ಭಾವನ ತಂಗಿಯ, ಮದುವೆಗೆ ಮುಂಚೆ ಮಾವನಿಗೆ ಎಲ್ಲಿಂದ ಹುರುಪು ಬಂತೋ, ಒಂದು ಸಣ್ಣ ಮೈಕು ತಂದು ಅತ್ತೆಯ ಹಾಡುಗಳನ್ನು ರೆಕಾರ್ಡ್ ಮಾಡಿದರು. ನನ್ನನ್ನು ಕರೆದು ಹೆಮ್ಮೆಯಿಂದ ತೋರಿಸಿದರು. ಮೊದಲು 'ಶ್ರೀ ಮಹಾಗಣಪತಿ ಪ್ರಸನ್ನ' ಎಂಬ ಫೋಲ್ಡರ್. ತೆರೆದರೆ ಅದರೊಳಗೆ 'ಶ್ರೀ ಕುಲದೇವತಾ ಪ್ರಸನ್ನ'. ಅದರೊಳಗೆ ಗ್ರಾಮದೇವತೆ. ಅದರೊಳಗೆ 'ಶ್ರೀ ನಾಗದೇವರ ಅನುಗ್ರಹದಿಂದ'. ಆಮೇಲೆ ಮನೆಯ ದೈವಗಳು. ಆಮೇಲೆ 'ಗುರುಹಿರಿಯರ ಆಶೀರ್ವಾದಗಳೊಂದಿಗೆ'. ಆಮೇಲೆ ತೀರಿಕೊಂಡ ಅಪ್ಪ ಅಮ್ಮನ ಸ್ಮರಣೆ, ಅವರ ಪೂರ್ತಿ ಹೆಸರು, ಮನೆತನದ ಹೆಸರು ಸಮೇತ. ಅದರೊಳಗೆ ಮಗಳು, ಚಿರಂಜೀವಿ ಸೌಭಾಗ್ಯವತಿ ಎಂಬುದರಿಂದ ಶುರುವಾಗಿ ವಿವಾಹ ಮಹೋತ್ಸವದವರೆಗೆ. ಅದರೊಳಗೆ ಹೆಂಗಸರ ಹಾಡುಗಳು. ಎಲ್ಲಕ್ಕಿಂತ ಒಳಗೆ ಹಸೆಯ ಹಾಡು.

"ಇದೆಂತ ಮಾವ, ಮದುವೆ ಕಾಗದವಾ?" ಎಂದಿದ್ದೆ.

"ಮತ್ತೆಂತ? ಮದುವೆಯ ಹಾಡಲ್ಲವಾ ಒಳಗೆ ಇರುದು?" ಎಂದರು. "ದೇವರನ್ನು ದಾಟದೆ ಹಸೆಗೆ ಹೋಗ್ಲಿಕ್ಕೆ ಉಂಟಾ ಮಾರಾಯ್ತಿ?"

ನಾನು ನಕ್ಕು, ಎಲ್ಲವನ್ನೂ ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟೆ. ಕಂಪ್ಯೂಟರ್ ಯಾವತ್ತೋ ಗುಜರಿಗೆ ಹೋಯಿತು. ಡಿಸ್ಕು ಕಪಾಟಿನ ಮೂಲೆ ಸೇರಿತು.

ಭಾವ ಫೋನ್ ಮಾಡಿದ ಆ ಸಂಜೆ ನಾನು ಮಾವನ ಮನೆ ಸೇರಿದಾಗ ಭಾವನ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು. ಮಾವನಿಂದ ವಿಷಯ ತಿಳಿದ ಮೇಲೆ ಭಾವನ ಮುಖ ಬಾಡಿತ್ತು. ಅದಕ್ಕೆ ನನಗೇನೂ ಕನಿಕರ ಬರಲಿಲ್ಲ. "ಒಳಗೆ ಏನಿದೆ ಎಂದು ನೋಡದೆ ಖಾಲಿ ಮಾಡ್ಲಿಕ್ಕೆ ಹೋಗುದಾ? ಫ್ರಿಜ್ಜಾದ್ರೂ ಒಮ್ಮೆ ತೆರೆದು ನೋಡಿ ಮತ್ತೆ ಖಾಲಿ ಮಾಡ್ತಾರೆ" ಎಂದು ಬಾಗಿಲಲ್ಲೇ ಶುರುಮಾಡಿದೆ.

"ನೋಡಿದೆ ಮಾರಾಯ್ತಿ" ಎಂದರು ಭಾವ. "ನಾಗದೇವರವರೆಗೆ ಹೋಗ್ತದೆ. ಮುಂದೆ ಬಿಡುದಿಲ್ಲ."

ಹಾಡು ಉಳಿದಿದ್ದರೆ ಅದೇ ಕಾರಣಕ್ಕೆ ಉಳಿದಿರಬೇಕು. ಯಾವುದನ್ನು ತಲುಪಲು ಆಗುವುದಿಲ್ಲವೋ ಅದನ್ನು ಅಳಿಸಲೂ ಆಗುವುದಿಲ್ಲ. ಆದರೂ ಭಾವ ಎಷ್ಟು ಸಲ ಅಳಿಸಲು ಹೋಗಿದ್ದರೋ, ಒಳಗಿನಿಂದ ಏನಾದರೂ ಹೋಗಿಬಿಟ್ಟಿದೆಯೋ, ನೋಡದೆ ಹೇಳುವಂತಿರಲಿಲ್ಲ. ಅತ್ತೆಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

"ಮಾವ, ಸುಲಭದ ದಾರಿ ಒಂದುಂಟು" ಎಂದೆ. "ಮೇಲಿನ ಫೋಲ್ಡರುಗಳ ಹೆಸರು ಚಿಕ್ಕದು ಮಾಡಿದರೆ ಆಯಿತು. ಗಣಪತಿಗೆ ಒಂದಕ್ಷರ, ಕುಲದೇವರಿಗೆ ಒಂದಕ್ಷರ. ವಿಳಾಸ ಗಿಡ್ಡವಾಗ್ತದೆ, ತೆರೀತದೆ."

ಮಾವ ನನ್ನನ್ನೇ ನೋಡಿದರು. ಹಿಂದಿನ ವಾರವಷ್ಟೇ ಅವರು ಮೊಮ್ಮಗಳ ಮದುವೆಯ ಮೊದಲ ಕಾಗದವನ್ನು ಟಿಟ್ವಾಳಾದ ಗಣಪತಿಯ ಮುಂದಿಟ್ಟು ಬಂದಿದ್ದರು. ಆ ಕಾಗದ ಅಚ್ಚು ಹಾಕುವವನು "ದೇವರ ಸಾಲು ಕಡಿಮೆ ಮಾಡಿ, ಜಾಗ ಸಾಲುವುದಿಲ್ಲ" ಎಂದದ್ದಕ್ಕೆ, "ಬೇಕಾದರೆ ನನ್ನ ಹೆಸರು ತೆಗೆ" ಎಂದು ಹೇಳಿದ ಮನುಷ್ಯ ಅವರು.

"ಗಣಪತಿಯನ್ನು ಗ ಮಾಡುದಾ?" ಎಂದರು. "ಅದು ಆಗುದಿಲ್ಲ."

"ಅಪ್ಪಾ, ಅದು ಬರೀ ಫೋಲ್ಡರ್" ಎಂದರು ಭಾವ.

"ನಿನಗೆ ಬರೀ ಫೋಲ್ಡರ್. ಅದಕ್ಕೇ ನೀನು ಅಳಿಸ್ಲಿಕ್ಕೆ ಹೋದದ್ದು" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಹೆಸರು ಇದ್ದ ಹಾಗೇ ಇದ್ದು ಹೋಗ್ಲಿಕ್ಕೆ ದಾರಿ ಇಲ್ಲವಾ? ನಿನ್ನ ಆಗಿನ ಕೆಲಸ ಅದೇ ಅಲ್ಲವಾ?" ಎಂದರು.

ಹೌದು, ಅದೇ. ಆ ಮಾತು ನನಗೆ ನಾಟಿತು. ಮಹಾಪೆ ಬಿಟ್ಟ ಮೇಲೆ ನಾನು ಆ ಪದರದ ಮುಖ ನೋಡಿರಲಿಲ್ಲ. ಅಂಥದ್ದೇ ಒಂದನ್ನು ಇಂಟರ್ನೆಟ್ಟಿನಿಂದ ಇಳಿಸಿ ಭಾವನ ಲ್ಯಾಪ್‌ಟಾಪಿಗೆ ಹಾಕಿದೆ. ಕಪ್ಪು ಕಿಟಕಿ ತೆರೆದು, ಮಿನುಗುವ ಗೆರೆ ಕಂಡಾಗ ಹಳೆಯ ಆಫೀಸಿನ ಏಸಿಯ ಗುಂಯ್ ಸದ್ದು, ಘಣಸೋಲಿಯಿಂದ ಹಂಚಿಕೊಂಡು ಹೋಗುತ್ತಿದ್ದ ರಿಕ್ಷಾ, ಮಳೆಯಲ್ಲಿ ಒದ್ದೆಯಾದ ಡಬ್ಬಿಯ ಚೀಲ ಎಲ್ಲ ಒಟ್ಟಿಗೆ ನೆನಪಾಯಿತು. ಬೆರಳುಗಳಿಗೆ ಏನೂ ಮರೆತುಹೋಗಿರಲಿಲ್ಲ.

ಡಿಸ್ಕಿನ ಡ್ರೈವು ಅಲ್ಲಿ ಒಂದು ಸಾದಾ ಫೋಲ್ಡರಿನಂತೆ ಕಂಡಿತು. ಹೆಸರಿನ ನಡುವೆ ಜಾಗವಿದ್ದದ್ದರಿಂದ ಉದ್ಧರಣ ಚಿಹ್ನೆ ಹಾಕಿ ಶುರುಮಾಡಿದೆ. ಇಡೀ ಹೆಸರು ಕುಟ್ಟಬೇಕಾಗಿಲ್ಲ. ಟ್ಯಾಬ್ ಕೀ ಒತ್ತಿದರೆ ಉಳಿದದ್ದು ತಾನಾಗಿ ತುಂಬಿಕೊಳ್ಳುತ್ತದೆ. ಆ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದವು, ನನಗೆ ಓದಲಾಗಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ. ಮಾವ ನನ್ನ ಹಿಂದೆ ನಿಂತು ಬಾಯಿಪಾಠ ಹೇಳುತ್ತಿದ್ದರು.

"ಮಹಾಗಣಪತಿ" ಎಂದರು. ಒತ್ತಿದೆ. "ಕುಲದೇವತೆ." ಒತ್ತಿದೆ. "ಗ್ರಾಮದೇವತೆ. ನಾಗದೇವರು."

ಭಾವ ಕುರ್ಚಿ ಮುಂದೆ ಎಳೆದುಕೊಂಡರು. ಒತ್ತಿದೆ. ನಿಲ್ಲಲಿಲ್ಲ. ದೈವಗಳು ಬಂದವು, ಗುರುಹಿರಿಯರು ಬಂದರು. ಅಪ್ಪ ಅಮ್ಮನ ಹೆಸರು ಬಂದಾಗ ಮಾವ ಸ್ವಲ್ಪ ತಡೆದು ಹೇಳಿದರು. ಮಗಳು ಬಂದಳು, ಹಾಡುಗಳು ಬಂದವು. ವಿಳಾಸ ಪರದೆಯ ಅಂಚು ದಾಟಿ ಸಾಲು ಸಾಲಾಗಿ ಇಳಿದಿತ್ತು. ಕೊನೆಯ ಬಾಗಿಲಲ್ಲಿ ಒಳಗೆ ಏನಿದೆ ಎಂದು ಕೇಳುವ ಆಜ್ಞೆ ಕೊಟ್ಟೆ.

ಒಂದೇ ಫೈಲು. ಅದರ ಗಾತ್ರ ಸೊನ್ನೆಯಾಗಿರಲಿಲ್ಲ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಇದನ್ನು ಇಲ್ಲಿಂದ ತೆಗೆಯುದಿಲ್ಲ ಮಾವ. ಒಂದು ನಕಲು ಮಾತ್ರ ಹೊರಗೆ ತರ್ತೇನೆ" ಎಂದೆ.

"ಪ್ರಸಾದ ತಂದ ಹಾಗೆ. ಅದಕ್ಕೆ ಅಡ್ಡಿಯಿಲ್ಲ" ಎಂದರು. ನಕಲಿಗೆ ಹೊಸ ಫೋಲ್ಡರ್ ಮಾಡುವಾಗ ಹೆಸರೇನು ಎಂದು ಕೇಳಿದರು. ನಾನು 'ಶ್ರೀ' ಎಂದಿಟ್ಟೆ. ಅವರು ಒಂದು ಕ್ಷಣ ಯೋಚಿಸಿ, "ಸಾಕು" ಎಂದರು.

ಹಾಡು ಹಚ್ಚಿದೆ. ಮೊದಲು ಮಾವನದೇ ಧ್ವನಿ: "ಹ್ಞಾಂ, ಕೆಂಪು ಲೈಟು ಬಂತು, ಹಾಡು." ಆಮೇಲೆ ಗ್ರೈಂಡರಿನ ಗರಗರ, ಅದನ್ನು ನಿಲ್ಲಿಸಲು ಅತ್ತೆ ಯಾರಿಗೋ ಗದರುವುದು. ಆಮೇಲೆ ಹಾಡು. ಆ ತುಂಬು ಕಂಠ. ನಾನು ಮರೆತಿದ್ದೇನೆ ಎಂದುಕೊಂಡಿರಲಿಲ್ಲ, ಆದರೆ ಮರೆತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು, ಕೈಯಲ್ಲಿ ಕೊತ್ತಂಬರಿಯ ಕಟ್ಟು. ಯಾರೂ ಅವರ ಕಡೆ ನೇರವಾಗಿ ನೋಡಲಿಲ್ಲ. ನುಡಿ ಮುಗಿಯುವ ಮೊದಲು ಅವರು ಹತ್ತಿರ ಬಂದು, ನನ್ನ ಕಿವಿಯ ಬಳಿ ಬಾಗಿ, "ಅಲ್ಲಿ ಶ್ರುತಿ ಇಳಿದಿದೆ" ಎಂದರು. ಅಷ್ಟು ಹೇಳಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು.

ನುಡಿಯ ಕೊನೆಗೆ ಹೆಸರು ಬಂತು. ಅತ್ತೆಯ ಮಗಳ ಹೆಸರು.

ಅಷ್ಟು ಹೊತ್ತು ಸೋಫಾದಲ್ಲಿ ಕುಳಿತಿದ್ದ ಮೊಮ್ಮಗಳು ಎದ್ದು ಬಂದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು; ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಇಲ್ಲವೇ ಮರಾಠಿಯಲ್ಲಿ. "ಲೇಕಿನ್ ಇಸ್ ಮೇ ತೋ ಆತ್ಯಾ ಕಾ ನಾಮ್ ಹೈ" ಎಂದಳು. ಆತ್ಯಾ ಎಂದರೆ ಅವಳ ಸೋದರತ್ತೆ, ಹಾಡಿನಲ್ಲಿ ಹೆಸರಿದ್ದ ಮಾವನ ಮಗಳು.

ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಡು ಸಿಕ್ಕಿತ್ತು, ಆದರೆ ಅದು ಬೇರೆ ಹುಡುಗಿಯನ್ನು ಕರೆಯುತ್ತಿತ್ತು. ಹೊಸ ಹೆಸರು ಹಾಡಲು ಅತ್ತೆಗೆ ಕಂಠವಿರಲಿಲ್ಲ. ಭಾವ ಮುಖ ಒರೆಸಿಕೊಂಡರು. ಮೊಮ್ಮಗಳೇ ಸಮಾಧಾನ ಹೇಳಿದಳು: "ಎಐ ಸೆ ಹೋ ಜಾಯೇಗಾ. ಅಜ್ಜಿ ಕೀ ಆವಾಜ್ ಮೇ ಮೇರಾ ನಾಮ್ ಡಾಲ್ ದೇಂಗೆ." ಈ ರೆಕಾರ್ಡಿಂಗನ್ನೇ ಕಲಿಸಿ ಕಂಪ್ಯೂಟರಿನಿಂದ ಅಜ್ಜಿಯ ಧ್ವನಿಯಲ್ಲಿ ತನ್ನ ಹೆಸರು ಹೇಳಿಸಬಹುದಂತೆ, ಗೆಳತಿಯೊಬ್ಬಳು ಮಾಡಿಕೊಡುತ್ತಾಳಂತೆ. ಆಗುವ ಮಾತೇ. ನಾನೂ ತಲೆಯಾಡಿಸಿದೆ.

ಅತ್ತೆ ಮೇಜಿನ ಮೇಲೆ ಅಂಗೈ ಬಡಿದರು. ಧ್ವನಿ ಹೋದ ಮೇಲೆ ಸಿಟ್ಟು ಬಂದಾಗ ಅವರು ಹಾಗೆ ಮಾಡುತ್ತಾರೆ.

"ನಾನು ಸತ್ತಿಲ್ಲವಲ್ಲ" ಎಂದರು. ಉಸಿರಿನಲ್ಲೇ, ಆದರೆ ಎಲ್ಲರಿಗೂ ಕೇಳಿತು. "ಹೆಸರು ನಾನು ಹೇಳ್ತೇನೆ."

ಮದುವೆ ಕಲ್ಯಾಣದ ಒಂದು ಸಭಾಂಗಣದಲ್ಲಿ. ಡೀಜೆಯವನ ಪಕ್ಕದಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಹಸೆಯ ಹತ್ತಿರ ಅತ್ತೆಗೆ ಕುರ್ಚಿ, ಕೈಯಲ್ಲಿ ಮೈಕು. ಹುಡುಗಿ ಹಿಂದಿನ ಕೋಣೆಯಲ್ಲಿದ್ದಳು, ಬಾಗಿಲಿಗೆ ಪರದೆ. ಹುಡುಗನ ಕಡೆಯವರಿಗೆ ಏನು ನಡೆಯುತ್ತದೆ ಎಂದು ಗೊತ್ತಿರಲಿಲ್ಲ. ಫೋನುಗಳು, ಮಕ್ಕಳ ಓಟ, ಊಟದ ಸಾಲಿನ ಗದ್ದಲ. ನಾನು ಹಾಡು ಬಿಟ್ಟೆ. ಮಾವನ "ಹಾಡು" ಎಂಬ ಮಾತನ್ನೂ ಗ್ರೈಂಡರನ್ನೂ ಕತ್ತರಿಸಿರಲಿಲ್ಲ. ಅವು ಇರಲಿ, ಹಳೆಯ ಹೆಸರು ಮಾತ್ರ ತೆಗೆ ಎಂದು ಅತ್ತೆಯೇ ಹೇಳಿದ್ದರು. ಜನ ನಕ್ಕರು. ಆಮೇಲೆ ಆ ಕಂಠ ಸಭಾಂಗಣದ ಎಲ್ಲ ಸ್ಪೀಕರುಗಳಿಂದ ಬಂದಾಗ ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ಅತ್ತೆ ತುಟಿ ಅಲ್ಲಾಡಿಸುತ್ತಾ ತಮ್ಮದೇ ಹಾಡಿನ ಜೊತೆಗೆ ಹೋಗುತ್ತಿದ್ದರು.

ಮೊದಲ ನುಡಿಯ ಕೊನೆ ಬಂತು. ಹೆಸರಿನ ಜಾಗದಲ್ಲಿ ನಾನು ಹಾಡು ನಿಲ್ಲಿಸಿದೆ. ಇಡೀ ಸಭಾಂಗಣ ಕಾಯುತ್ತಿತ್ತು. ಅತ್ತೆ ಮೈಕನ್ನು ತುಟಿಗೆ ಒತ್ತಿ ಮೊಮ್ಮಗಳ ಹೆಸರು ಹೇಳಿದರು. ರಾಗವಿರಲಿಲ್ಲ, ಧ್ವನಿಯೂ ಇರಲಿಲ್ಲ. ಬೆಳಿಗ್ಗೆ ಶಾಲೆಗೆ ಎಬ್ಬಿಸುವಾಗ ಕಿವಿಯ ಹತ್ತಿರ ಕರೆದ ಹಾಗೆ, ಬರಿಯ ಉಸಿರು.

ಪರದೆಯ ಹಿಂದಿನಿಂದ ಉತ್ತರ ಬಂತು. "ಬಂದೆ ಅಜ್ಜಿ."

ಕನ್ನಡದಲ್ಲಿ. ಆ ಹುಡುಗಿಯ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ. ಪರದೆ ಸರಿಸಿ ಅವಳು ಹೊರಗೆ ಬಂದಳು. ಅತ್ತೆ ಮೈಕು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದರು, ನಾನು ಅತ್ತೆಯನ್ನು ನೋಡುತ್ತಿದ್ದೆ, ಕೀ ಮೇಲಿದ್ದ ನನ್ನ ಬೆರಳು ಅಲ್ಲಿಯೇ ನಿಂತಿತ್ತು.

ಹಿಂದಿನಿಂದ ಮಾವ ನನ್ನ ಭುಜ ತಟ್ಟಿದರು. "ಒತ್ತು ಮಾರಾಯ್ತಿ" ಎಂದರು. "ಹುಡುಗಿ ಬಂದಾಯ್ತು."